ಐದನೇ ಜ್ವರ

ಚಲಪತಿಯ ಹೆಂಡತಿಗೆ ಪುಸ್ತಕದೊಳಗೆ ಇನ್ನೊಬ್ಬ ಗಂಡ ಇದ್ದಾನೆ ಎಂದು ದಿಬ್ಬೂರಹಳ್ಳಿಯ ಮೇಲಿನ ಬೀದಿಯವರು ಆಡಿಕೊಳ್ಳುತ್ತಿದ್ದರು. ಅವನಿಗೆ ಕುದುರೆ ಇದೆಯಂತೆ, ಗಡ್ಡ ಇದೆಯಂತೆ, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾನಂತೆ, ಹೆಂಡತಿ ಬಾವಿಯಿಂದ ನೀರು ತಂದರೆ ಎದ್ದು ಹೋಗಿ ಬಿಂದಿಗೆ ಇಸಿದುಕೊಳ್ಳುತ್ತಾನಂತೆ. ಬಿಂದಿಗೆಯ ಮಾತಿಗೆ ಬಂದಾಗ ನಗುತ್ತಿದ್ದ ಹೆಂಗಸರು ತಮ್ಮ ಸೊಂಟದ ಬಿಂದಿಗೆ ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಯಾರಾದರೂ, ಅವಳು ಕಿರಸ್ತಾನದವಳಾಗಿಬಿಟ್ಟವಳೆ ಕಣೇ, ಎನ್ನುತ್ತಿದ್ದರು. ಇನ್ನೊಬ್ಬರು, ಅದೇನಿಲ್ಲ, ಶನಿವಾರ ನರಸಿಂಹಸ್ವಾಮಿಗೆ ಒಪ್ಪೊತ್ತು ಇರ್ತಾಳೆ, ತಲೆ ಸ್ವಲ್ಪ ಹಂಗೆ ಅಷ್ಟೆ, ಎನ್ನುತ್ತಿದ್ದರು. ಆಮೇಲಾಮೇಲೆ ಇಂಥ ಮಾತೆಲ್ಲ ಹಿಂದೆ ಬಿದ್ದು, ಊರಿನ ಬಾಯಲ್ಲಿ ಅವಳಿಗೆ ಒಂದೇ ಹೆಸರು ನಿಂತಿತು. ಐದನೇ ಜ್ವರ.

ಅವಳ ಹೆಸರು ಶ್ಯಾಮಲ. ನಾವಾದರೂ ಅದನ್ನು ಹಿಡಿದು ಕರೆಯೋಣ. ಅವಳ ಮನೆಯಲ್ಲಿ ಹಾಗೆ ಕರೆದವರು ಕಡಿಮೆ.

ಶ್ಯಾಮಲ ಗೌರಿಬಿದನೂರಿನಾಚೆಯ ನಗರಗೆರೆಯ ಹುಡುಗಿ. ಅಪ್ಪ ನರಸಿಂಹಪ್ಪನವರಿಗೆ ಮಗಳು ನಾಲ್ಕಕ್ಷರ ಕಲಿಯಲಿ ಎಂಬ ಆಸೆ. ಚಿಕ್ಕಬಳ್ಳಾಪುರದ ಒಂದು ಮಿಷನ್ ಹಾಸ್ಟೆಲ್ಲಿಗೆ ಸೇರಿಸಿದರು. ಅಲ್ಲಿ ವಾರ್ಡನ್ ಆಗಿದ್ದವರು ಕರುಣಮ್ಮ ಟೀಚರ್. ಮದುವೆಯಾಗದೆ ಉಳಿದ, ಬಿಳಿ ಸೀರೆಯ ಹೆಂಗಸು. ಅವರ ಕೋಣೆಯಲ್ಲಿ ಒಂದು ಬೀರು. ಯಾವ ದೇಶದ ಯಾವ ಚರ್ಚಿನವರೋ ಓದಿ ಮುಗಿಸಿ, ಪೆಟ್ಟಿಗೆಗೆ ತುಂಬಿ ಕಳಿಸಿದ ಇಂಗ್ಲಿಷ್ ಕಾದಂಬರಿಗಳು ಅದರ ತುಂಬ. ಎಲ್ಲದರ ರಕ್ಷಾಪುಟದ ಮೇಲೂ ಒಬ್ಬಳೇ ಹೆಂಗಸು. ಕಾಲು ಮುಚ್ಚುವ ಲಂಗ, ಗಲ್ಲದ ಕೆಳಗೆ ದಾರ ಕಟ್ಟಿದ ಟೋಪಿ. ನಮಗೆ ಬೆನ್ನು ಮಾಡಿ ಗೋಧಿ ಹೊಲದ ಕಡೆ ನೋಡುತ್ತ ನಿಂತಿರುತ್ತಾಳೆ. ಅವಳು ಅಷ್ಟು ಹೊತ್ತು ಏನು ನೋಡುತ್ತಿದ್ದಾಳೆ ಎಂದು ತಿಳಿಯುವುದಕ್ಕೇ ಶ್ಯಾಮಲ ಮೊದಲ ಪುಸ್ತಕ ಎತ್ತಿಕೊಂಡದ್ದು.

ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದಳು. ಅಲ್ಲಿಯವರು ಬೆಳಿಗ್ಗೆ ಬಿಸ್ಕತ್ತಿಗೆ ಸಾರು ಹುಯ್ದುಕೊಂಡು ತಿನ್ನುತ್ತಾರೆ ಎಂದು ಓದಿದಾಗ ಅವಳಿಗೆ ಕನಿಕರವೇ ಹುಟ್ಟಿತು. ಉಳಿದದ್ದೆಲ್ಲ ಗೊತ್ತಿದ್ದ ಲೋಕ. ಹಸು, ಬಾವಿ, ಒಲೆಯ ಹೊಗೆ, ಮೊಸರು ಕಡೆಯುವುದು, ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶಕ್ಕೆ ಕತ್ತೆತ್ತುವುದು. ಕಥೆಯೂ ಹೆಚ್ಚು ಕಡಿಮೆ ಒಂದೇ. ಹೆಂಡತಿ ಸತ್ತ ಒಬ್ಬ ರೈತ, ತಾಯಿಯಿಲ್ಲದ ಮಗು, ಮುಖ ನೋಡದೆ ಗೊತ್ತಾದ ಮದುವೆ, ದೂರದಿಂದ ರೈಲಿಳಿದು ಬರುವ ಹುಡುಗಿ. ಪಾದ್ರಿ ಮದುವೆ ಮಾಡಿಸಿ ಹೋದ ಮೇಲೆ ಇಬ್ಬರೂ ಒಂದೇ ಸೂರಿನ ಕೆಳಗೆ ಪರಕೀಯರ ಹಾಗೆ ಇರುತ್ತಾರೆ. ಅವನು ಮಾತಾಡುವುದಿಲ್ಲ, ಸತ್ತವಳ ದುಃಖ ಅವನ ಎದೆಗೆ ಬೀಗ ಹಾಕಿದೆ. ಅವಳು ರೊಟ್ಟಿ ಸುಡುತ್ತಾಳೆ, ಮಗುವಿಗೆ ಜಡೆ ಹೆಣೆಯುತ್ತಾಳೆ, ಮಂಡಿಯೂರಿ ದೇವರನ್ನು ಕೇಳಿಕೊಳ್ಳುತ್ತಾಳೆ, ಕಾಯುತ್ತಾಳೆ. ಪುಸ್ತಕ ಮುಕ್ಕಾಲು ಸರಿಯುವ ಹೊತ್ತಿಗೆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬರುತ್ತದೆ. ಇನ್ನೊಬ್ಬರು ಹಾಸಿಗೆಯ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ. ಬೀಗ ಬಿಡುತ್ತದೆ.

ಇದಕ್ಕೆ ಶ್ಯಾಮಲ ಜ್ವರದ ಅಧ್ಯಾಯ ಎಂದು ಹೆಸರಿಟ್ಟಿದ್ದಳು. ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಹಿಂದಿನಿಂದ ಪುಟ ತಿರುವಿ ಜ್ವರ ಇದೆಯೇ ಎಂದು ನೋಡುವಳು. ಇದೆ ಎಂದು ಖಾತ್ರಿಯಾದ ಮೇಲೆ ಕಾಲು ಮಡಚಿ ಕೂತು ಮೊದಲ ಪುಟಕ್ಕೆ ಬರುವಳು. ಆಗ ಅವಳನ್ನು ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ.

ಪಿಯುಸಿ ಮುಗಿದು ಮನೆಯಲ್ಲಿದ್ದಾಗ, 2001ರಲ್ಲಿ, ದಿಬ್ಬೂರಹಳ್ಳಿಯ ಸಂಬಂಧ ಬಂತು. ಗಂಡಿನ ಹೆಸರು ಚಲಪತಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಮೊದಲ ಹೆಂಡತಿ ಪವಿತ್ರ ತೀರಿಕೊಂಡು ವರ್ಷವಾಗಿತ್ತು. ತನುಶ್ರೀ ಎಂಬ ಆರು ವರ್ಷದ ಮಗಳಿದ್ದಳು. ಎರಡನೇ ಸಂಬಂಧಕ್ಕೆ ಕೊಡುವ ಹಾಗಾಯಿತಲ್ಲ ಎಂದು ಅವ್ವ ಚಿಕ್ಕವೆಂಕಟಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರೆ, ಪಕ್ಕದಲ್ಲಿ ಕೂತ ಶ್ಯಾಮಲ ನಗು ತಡೆದುಕೊಳ್ಳುತ್ತಿದ್ದಳು. ಅವಳಿಗೆ ಈ ಕಥೆ ಬಾಯಿಪಾಠವಾಗಿತ್ತು. ಹೇಳಿಕೊಳ್ಳಲು ಹಾಸ್ಟೆಲ್ಲಿಗೆ ಹೋದಾಗ ಕರುಣಮ್ಮ ಟೀಚರ್ ಒಂದು ಚೀಲದ ತುಂಬ ಪುಸ್ತಕ ತುಂಬಿ ಕೊಟ್ಟರು. ಚೀಲ ಕೊಡುವಾಗ ಮಾತ್ರ ಸ್ವಲ್ಪ ತಡೆದರು.

"ಇವು ಕಥೆಗಳು ಕಣಮ್ಮ. ಓದಿ, ಮುಚ್ಚಿಡೋದೂ ಕಲ್ತ್ಕೋಬೇಕು."

ಚಲಪತಿ ಕೆಟ್ಟವನಾಗಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಅವನು ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಹಬ್ಬಕ್ಕೆ ಸೀರೆ ತರದವನಲ್ಲ. ಸೀರೆಯನ್ನು ಹೊಸ್ತಿಲ ಪಕ್ಕ ಇಟ್ಟು ಹುಳುಮನೆಗೆ ಹೋಗುತ್ತಿದ್ದ, ಅಷ್ಟೆ. ಏನಾದರೂ ಬೇಕಾದರೆ 'ಇವಳೇ' ಎನ್ನುತ್ತಿದ್ದ. ಬೇರೆಯವರ ಮುಂದೆ ಅವಳ ಮಾತು ಬಂದರೆ 'ಅದು' ಎನ್ನುತ್ತಿದ್ದ. ಅದು ಒಳಗೈತೆ, ಅದಕ್ಕೆ ಹೇಳಿ, ಹೀಗೆ. ಶ್ಯಾಮಲ ಬೇಜಾರು ಮಾಡಿಕೊಳ್ಳಲಿಲ್ಲ. ಇದು ಮೊದಲ ಅಧ್ಯಾಯಗಳಲ್ಲಿ ಇರಬೇಕಾದದ್ದೇ. ನಡುಮನೆಯ ಗೋಡೆಯ ಮೇಲೆ ಪವಿತ್ರಳ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ. ಶ್ಯಾಮಲ ದಿನಾ ಅದರ ಗಾಜು ಒರೆಸುವಳು. ಇವಳನ್ನು ಅವರು ಹೆಸರು ಹಿಡಿದೇ ಕರೆಯುತ್ತಿದ್ದಿರಬೇಕು, ಆ ಹೆಸರಿನ ಜೊತೆಗೇ ಅವರ ಮಾತೂ ಹೋಗಿರಬೇಕು ಎಂದುಕೊಳ್ಳುವಳು. ಗಂಡನ ಮೌನದ ಮೇಲೆ ಅವಳಿಗೆ ಭಕ್ತಿಯ ಹಾಗಿನದೇನೋ ಹುಟ್ಟಿತ್ತು.

ಮಧ್ಯಾಹ್ನ ಎಲ್ಲರ ಊಟವಾಗಿ ಮನೆ ತಣ್ಣಗಾದಾಗ ಅವಳು ಕಣಜದ ಪಕ್ಕದ ಕಿಟಕಿಯಲ್ಲಿ ಕೂತು ಓದುವಳು. ಓದಿದ್ದನ್ನೇ ಓದುವಳು. ಹುಡುಗಿ ಹಿಮದಲ್ಲಿ ದಾರಿ ತಪ್ಪುವ ಪುಟ ಬಂದರೆ, ಮುಂದೆ ಸಿಗುತ್ತಾಳೆ ಎಂದು ಗೊತ್ತಿದ್ದರೂ ಅವಳ ಕೈ ತಣ್ಣಗಾಗುತ್ತಿತ್ತು. ಆ ಹುಡುಗಿಯರು ಕೇಳಿಕೊಳ್ಳುವ ಮಾತುಗಳನ್ನೇ ಕನ್ನಡಕ್ಕೆ ತಿರುಗಿಸಿಕೊಂಡು ನರಸಿಂಹಸ್ವಾಮಿಯ ಪಟದ ಮುಂದೆ ಹೇಳಿಕೊಳ್ಳುವಳು. ಊಟಕ್ಕೆ ಮುಂಚೆ ಅವಳು ಕಣ್ಣು ಮುಚ್ಚುವುದನ್ನು ಅತ್ತೆ ಲಕ್ಷ್ಮೀನರಸಮ್ಮ ಒಂದು ದಿನ ಕಂಡು, ನಿದ್ದೆಗೆಟ್ಟಿದೀಯೇನಮ್ಮ, ಎಂದು ಕೇಳಿದ್ದರು. ಬೀದಿಯವರು ಆಡಿಕೊಳ್ಳಲು ಶುರುವಾದದ್ದು ಅಲ್ಲಿಂದಲೇ.

ಬೆಳಿಗ್ಗೆ ಸೊಪ್ಪು ಬಿಡಿಸಲು ತೋಟಕ್ಕೆ ಹೋದಾಗ ಅವಳು ಕಥೆ ಹೇಳುವಳು. ಕೇಳುವವರಲ್ಲಿ ಮುಂದಾಳು ಪಕ್ಕದ ಮನೆಯ ಗಂಗುಲಮ್ಮ. ಆಂಧ್ರದ ಗಡಿಯಿಂದ ಬಂದವಳು, ಅರ್ಧ ಮಾತು ತೆಲುಗು. ಗೋಧಿ ಹೊಲ ಇವರ ಬಾಯಲ್ಲಿ ರಾಗಿ ಹೊಲವಾಯಿತು, ಪಾದ್ರಿ ಅಯ್ನೋರಾದರು, ನಾಯಕ ಕುದುರೆಯೋನಾದ.

"ತಾಳಿ ಕಟ್ಟಿದ್ನಾ ಇಲ್ವಾ ಕುದುರೆಯೋನು?" ಎಂದು ಗಂಗುಲಮ್ಮ ಕೇಳಿದಳು.

"ಅವರಲ್ಲಿ ಉಂಗುರ ಗಂಗಕ್ಕ."

"ಅಂತೇನಾ, ಉಂಗುರ ಒಂದೇನಾ? ಕೈ ತೊಳೆಯೋವಾಗ ಜಾರಿ ಹೋದ್ರೆ ಮುಗೀತು ಸಂಸಾರ." ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿ ಮತ್ತೆ ಕೇಳಿದಳು. "ಇವತ್ತಾದ್ರೂ ಮಾತಾಡ್ಸಿದ್ನಾ?"

"ಇನ್ನೂ ಇಲ್ಲ. ಅರ್ಧ ಪುಸ್ತಕ ಐತಲ್ಲ."

"ಅವನಲ್ಲಮ್ಮ. ನಿಮ್ಮೋರು."

ಶ್ಯಾಮಲ ನಕ್ಕಳು. "ಅಲ್ಲೂ ಇನ್ನೂ ಅರ್ಧ ಐತೆ ಗಂಗಕ್ಕ."

ಆಗ ಅವಳು ನಿಜವಾಗಿಯೂ ಹಾಗೆ ನಂಬಿದ್ದಳು. ಮಕ್ಕಳಾಗಲಿಲ್ಲ, ಅದಕ್ಕೂ ಕುಗ್ಗಲಿಲ್ಲ. ತನುಶ್ರೀ ಅವಳನ್ನು ಚಿಕ್ಕಮ್ಮ ಎನ್ನುವುದು ಬಿಟ್ಟು ಅಮ್ಮ ಎನ್ನತೊಡಗಿದ್ದಳು. ಪುಸ್ತಕದಲ್ಲೂ ಮೊದಲು ಒಲಿಯುವುದು ಮಗುವೇ. ಇನ್ನು ಉಳಿದದ್ದು ಒಂದೇ, ಜ್ವರದ ಅಧ್ಯಾಯ.

ಇಲ್ಲಿ ಒಂದು ಮಾತು ಹೇಳಬೇಕು. ರೇಷ್ಮೆ ಸಾಕುವವರ ಮನೆಯಲ್ಲಿ ಜ್ವರ ಎಂದರೆ ರೋಗವಲ್ಲ. ಹುಳು ಬೆಳೆಯುವಾಗ ನಾಲ್ಕು ಸಲ ಮೇಯುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಹಳೆ ಚರ್ಮ ಕಳಚಿ ಹೊಸತಾಗಿ ಏಳುತ್ತದೆ. ಆ ಕೂರುವುದಕ್ಕೇ ಜ್ವರ ಎನ್ನುವುದು. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ತಟ್ಟೆಯ ಮೇಲೆ ಸುಣ್ಣದ ಪುಡಿ ಉದುರಿಸಿ, ಬಾಗಿಲು ಒರಗಿಸಿ, ಅದರ ಪಾಡಿಗೆ ಬಿಡಬೇಕು. ಜ್ವರ ಎದ್ದ ಹುಳು ಹಸಿದು ಎರಡರಷ್ಟು ಮೇಯುತ್ತದೆ. ಹುಳುಮನೆಯ ಮಕ್ಕಳಿಗೆ ಇದು ಮಗ್ಗಿಗಿಂತ ಮೊದಲು ಬರುವ ಪಾಠ.

2006ರಲ್ಲಿ ಚಿಕೂನ್‌ಗುನ್ಯಾ ಬಂದು ಊರಿಗೆ ಊರೇ ಮಲಗಿತು. ಗಂಗುಲಮ್ಮನೂ ಮಲಗಿದಳು. ಅತ್ತೆ ಚಿಂತಾಮಣಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು. ತೋಟದ ಹುಳುಮನೆಯಲ್ಲಿ ದೊಡ್ಡ ಹುಳು ಇತ್ತು. ಆಳುಗಳಿಲ್ಲದೆ ಚಲಪತಿ ಒಬ್ಬನೇ ಅಲ್ಲೇ ಉಳಿದು ಮೇಯಿಸುತ್ತಿದ್ದ. ಮನೆಯ ಒಳಕೋಣೆಯಲ್ಲಿ ಇನ್ನೊಂದು ಸಣ್ಣ ಸಾಕಣೆ ಇತ್ತು. ಅದನ್ನು ನೋಡಿಕೊಂಡು ಬಂದು ಹೇಳುವ ಕೆಲಸ ತನುಶ್ರೀಯದು.

ಒಂದು ಬೆಳಿಗ್ಗೆ ಶ್ಯಾಮಲಳಿಗೆ ಒಲೆ ಹಚ್ಚುವಾಗ ಬೆರಳು ಮಡಚಲಾಗಲಿಲ್ಲ. ಮೈ ಕಾದಿತ್ತು. ಹೆದರಬೇಕಾದವಳು ಹೆದರಲಿಲ್ಲ. ಅವಳ ಎದೆಯಲ್ಲಿ ಎದ್ದದ್ದು ಒಂದೇ ಮಾತು: ಬಂತು. ಮಡಚದ ಬೆರಳಲ್ಲೇ ತಲೆ ಬಾಚಿಕೊಂಡಳು. ಹೊಸ ದಿಂಬಿನ ಚೀಲ ಹಾಕಿದಳು. ಚೊಂಬಿನಲ್ಲಿ ನೀರು, ಪಕ್ಕದಲ್ಲಿ ಮಡಚಿದ ಬಿಳಿ ಬಟ್ಟೆ, ಎರಡನ್ನೂ ಬಾಗಿಲಿನಿಂದ ಬರುವವರ ಕೈಗೆ ಸಿಗುವ ಹಾಗೆ ಗೋಡೆಯ ಕಡೆ ಇಟ್ಟಳು. ಚಾಪೆಯ ಮೇಲೆ ಮಲಗಿ, ಅಪ್ಪಂಗೆ ಹೇಳಿ ಬಾ ತನು, ಎಂದಳು.

ಹುಡುಗಿ ತೋಟಕ್ಕೆ ಓಡಿದಳು. ಹುಳುಮನೆಯ ಬಾಗಿಲಲ್ಲಿ ನಿಂತು, ಅಪ್ಪಾ, ಜ್ವರ ಬಂದೈತೆ, ಎಂದಳು.

ಚಲಪತಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬಂತಾ? ಬರ್ಲಿ ಬಿಡು. ಮುಟ್ಟಕ್ಕೆ ಹೋಗ್ಬೇಡ. ತಿನ್ನಕ್ಕೆ ಏನೂ ಹಾಕ್ಬೇಡ. ಸುಣ್ಣ ಉದುರ್ಸಿ ಬಾಗ್ಲು ಒರಗ್ಸು. ನಾಳೆ ಹೊತ್ಗೆ ಅದು ತಾನಾಗೇ ಏಳ್ತದೆ."

ಅವನು ಹೇಳಿದ್ದು ಒಳಕೋಣೆಯ ಹುಳುವಿನ ಮಾತು. ಹುಡುಗಿ ಕೇಳಿಸಿಕೊಂಡದ್ದು ಅಮ್ಮನ ಮಾತು. ಅಪ್ಪ ಅಮ್ಮನನ್ನು 'ಅದು' ಎಂದದ್ದರಲ್ಲಿ ಅವಳಿಗೆ ಹೊಸತೇನೂ ಕಾಣಲಿಲ್ಲ.

ಅವಳು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ಡಬ್ಬದಿಂದ ಸುಣ್ಣ ತಂದು ಚಾಪೆಯ ಸುತ್ತ ಉದುರಿಸಿದಳು, ಸ್ವಲ್ಪ ಹೊದಿಕೆಯ ಮೇಲೂ ಉದುರಿಸಿದಳು. ಬಾಗಿಲು ಒರಗಿಸಿದಳು. ತಾನೇ ಅನ್ನ ಬೇಯಿಸಿ ಅಪ್ಪನಿಗೆ ತೋಟಕ್ಕೆ ಒಯ್ದಳು. ಮುದ್ದೆಯಾಗಿದ್ದ ಆ ಅನ್ನವನ್ನು ಯಾರು ಬೇಯಿಸಿದ್ದು ಎಂದು ಅವನು ಕೇಳಲಿಲ್ಲ. ಒಳಗೆ ಅಮ್ಮ ನೀರು ಎಂದದ್ದು ಹುಡುಗಿಗೆ ಕೇಳಿಸಿತ್ತು. ಕೊಟ್ಟರೆ ಎಲ್ಲಿ ಏಳದೆ ಹೋಗುತ್ತಾಳೋ ಎಂದು ಬಾಗಿಲ ಹೊರಗೆ ಕೂತು ಅತ್ತಳು, ಒಳಗೆ ಹೋಗಲಿಲ್ಲ.

ಕತ್ತಲ ಕೋಣೆಯಲ್ಲಿ ಶ್ಯಾಮಲ ಕಾದಳು. ಮೈಯ ಕೀಲುಕೀಲೂ ಕಿತ್ತು ಬರುತ್ತಿತ್ತು. ಚೊಂಬಿನ ಕಡೆ ಕೈ ನೀಡಲೂ ಆಗಲಿಲ್ಲ. ಬೀದಿಯಲ್ಲಿ ಹೆಜ್ಜೆಯ ಸದ್ದಾದಾಗಲೆಲ್ಲ ಈಗ ಬರುತ್ತಾರೆ ಎಂದುಕೊಂಡಳು. ಒಮ್ಮೆ ಯಾರೋ ಪಕ್ಕದಲ್ಲಿ ಕೂತ ಹಾಗಾಯಿತು, ಗಡ್ಡ ಇರುವವರು. ಕಣ್ಣು ಬಿಟ್ಟರೆ ಮೂಲೆಯ ರಾಗಿ ಚೀಲ. ತುಟಿಗೆ ಏನೋ ಸುಟ್ಟ ಹಾಗಾಗಿ ನಾಲಿಗೆ ಆಡಿಸಿದಳು. ಸುಣ್ಣ.

ಮಾರನೆಯ ದಿನ ಸಂಜೆ ಚಿಂತಾಮಣಿಯಿಂದ ಬಂದ ಅತ್ತೆ ಬಾಗಿಲು ತಳ್ಳಿ ನೋಡಿದರು. ನೋಡಿ ಬಾಗಿಲ ದಾರಂದ ಹಿಡಿದುಕೊಂಡರು.

"ಅಪ್ಪ ಹೇಳ್ತು ಅಜ್ಜಿ," ಎಂದಳು ತನುಶ್ರೀ. "ತಾನಾಗೇ ಏಳ್ತದೆ ಅಂತ."

ಗಂಜಿ ಕುಡಿಸಿದವರು, ಹಣೆಗೆ ಒದ್ದೆ ಬಟ್ಟೆ ಹಾಕಿದವರು ಅತ್ತೆಯೇ. ಚಲಪತಿಯನ್ನು ಕರೆಸಿದರು. ಅವನು ಹೊಸ್ತಿಲಲ್ಲಿ ನಿಂತು ಚಾಪೆ ನೋಡಿದ, ಸುಣ್ಣ ನೋಡಿದ, ಮಗಳ ಮುಖ ನೋಡಿದ. ಏನಾಯಿತೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಕ್ಕ. ಅಯ್ಯೋ, ನಾನು ಹುಳ ಅನ್ಕೊಂಡ್ನಲ್ಲ, ಎಂದು ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಕೆಟ್ಟ ನಗುವಲ್ಲ, ಒಳ್ಳೆಯ ತಮಾಷೆ ಕೇಳಿದವರ ನಗು. ಆಟೋ ತರಿಸಿದ, ಸೂಜಿ ಹಾಕಿಸಲು ತನ್ನ ಅವ್ವನ ಜೊತೆ ಕಳಿಸಿದ, ಸೊಪ್ಪು ಹಾಕುವ ಹೊತ್ತಾಯಿತೆಂದು ತೋಟಕ್ಕೆ ಹೋದ.

ಮುಂದಿನ ವಾರ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅವನು ಇದನ್ನು ಹೇಳಿದ. ಎಲ್ಲರ ಹುಳಕ್ಕೂ ನಾಕೇ ಜ್ವರ, ನಮ್ಮನೇಲಿ ಐದು, ಎಂದ. ಮಾತು ಕಡಿಮೆಯ ಚಲಪತಿಗೆ ಇಷ್ಟು ಚೆನ್ನಾಗಿ ಕಥೆ ಹೇಳಲು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಅದನ್ನೇ ಹೇಳಿದ, ಕೇಳಿದವರೆಲ್ಲ ನಕ್ಕರು. ಆ ನಗುವಿನ ಹಿಂದೆಯೇ ಹೆಸರು ಊರಿಗೆ ಬಂತು. ಗಂಗುಲಮ್ಮ ಮಾತ್ರ ಯಾವತ್ತೂ ಆ ಹೆಸರು ಎತ್ತಲಿಲ್ಲ. ತೋಟದಲ್ಲಿ ಕುದುರೆಯವನ ಕಥೆ ಕೇಳುವುದನ್ನೂ ಬಿಟ್ಟಳು.

ಇಷ್ಟಾದರೂ ಶ್ಯಾಮಲ ಪುಸ್ತಕ ಬಿಡಲಿಲ್ಲ. ಬೆರಳ ಗಂಟುಗಳು ಸರಿಹೋಗಲಿಲ್ಲ. ಪುಟ ತಿರುವುವಾಗ ನೋಯುತ್ತಿತ್ತು. ನೋಯಿಸಿಕೊಂಡೇ ಓದಿದಳು. ತಿಳಿಯದೆ ಆದದ್ದು, ಎಂದುಕೊಂಡಳು. ಮತ್ತೆ, ಪಾಪ, ಅವರ ದುಃಖ ಅಷ್ಟು ದೊಡ್ಡದು, ನನ್ನ ಜ್ವರಕ್ಕೆ ಬಿಡುವ ಬೀಗ ಅದಲ್ಲ, ಎಂದುಕೊಂಡಳು. ನಗಬೇಡಿ. ಎಲ್ಲ ಬಿದ್ದುಹೋದ ಮೇಲೂ ಮನುಷ್ಯರು ಒಂದು ಕಂಬ ಹಿಡಿದು ನಿಂತಿರುತ್ತಾರೆ. ಅವಳ ಕಂಬ ಗೋಡೆಯ ಮೇಲಿನ ಆ ಫೋಟೋ.

2009ರ ಬೇಸಿಗೆ ಕಳೆದು ತನುಶ್ರೀಯನ್ನು ಚಿಕ್ಕಬಳ್ಳಾಪುರದ ಹಾಸ್ಟೆಲ್ಲಿಗೆ ಸೇರಿಸಿದರು. ಮನೆ ಇನ್ನಷ್ಟು ತಣ್ಣಗಾಯಿತು. ಒಂದು ದಿನ ಅವಳು ಫೋಟೋದ ಗಾಜು ಒರೆಸುತ್ತಿದ್ದಾಗ, ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತೆ, ಅಷ್ಟು ತಿಕ್ಕಬೇಡಮ್ಮ, ನಿನ್ನ ಬೆರಳೇ ನೋಯ್ತವೆ, ಎಂದರು.

"ಧೂಳು ಹಿಡಿದ್ರೆ ನಿಮ್ಮ ಮಗನಿಗೆ ನೋವಾಗ್ತದೆ ಅತ್ತೆ. ಅಷ್ಟು ಪ್ರೀತಿ ಇತ್ತಲ್ಲ."

ಲಕ್ಷ್ಮೀನರಸಮ್ಮ ಸೊಸೆಯ ಮುಖ ನೋಡಿದರು. ಸೊಸೆ ಇಷ್ಟು ವರ್ಷ ಏನೆಂದುಕೊಂಡು ಬಾಳಿದ್ದಾಳೆ ಎಂದು ಆಗ ಅವರಿಗೆ ಹೊಳೆದಿರಬೇಕು. ಸಮಾಧಾನ ಮಾಡಲೆಂದೇ ಹೇಳಿದರು.

"ಆ ಫೋಟೋ ಹಾಕಿಸಿದ್ದು ನಾನು ಕಣಮ್ಮ. ಅವನು ಒಂದು ದಿನ ತಲೆ ಎತ್ತಿ ನೋಡಿದ್ದು ನಾ ಕಾಣೆ. ಅವಳು ಹೋದ ವಾರಕ್ಕೇ ಮೊಟ್ಟೆ ತಂದು ಹುಳ ಸಾಕಕ್ಕೆ ನಿಂತ. ಅವಳನ್ನೂ ಇವಳೇ ಅಂತ್ಲೇ ಕರೀತಿದ್ದ. ನನ್ನ ಮಗ ಇರೋದೇ ಹಂಗೆ. ನಿನ್ನಲ್ಲೇನೋ ಕಮ್ಮಿ ಅಂತ ಕೊರಗ್ಬೇಡ ಮಗಾ."

ಶ್ಯಾಮಲ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನಿಂತಳು. ಗಾಜಿನ ಹಿಂದೆ ಪವಿತ್ರ ಇವಳ ವಯಸ್ಸಿನವಳೇ, ಸ್ವಲ್ಪ ಬಾಯಿ ತೆರೆದು, ಯಾರೋ ಈಗ ತನ್ನನ್ನು ಕರೆಯುತ್ತಾರೆ ಎನ್ನುವ ಹಾಗೆ ನೋಡುತ್ತಿದ್ದಳು. ಬೀಗ ಇರಲಿಲ್ಲ. ಬೀಗ ಹಾಕಿದ ಕೋಣೆಯೂ ಇರಲಿಲ್ಲ. ಬರೀ ಗೋಡೆಯ ಮುಂದೆ ಎಂಟು ವರ್ಷ ಕಾದಿದ್ದಳು. ಅವಳಿಗಿಂತ ಮುಂಚೆ ಇನ್ನೊಬ್ಬಳು ಅಲ್ಲೇ ಕಾದು ಸತ್ತಿದ್ದಳು. ಶ್ಯಾಮಲ ಅಳಲಿಲ್ಲ. ಅತ್ತೆಯ ಪಕ್ಕ ಕೂತು ಉಳಿದ ಅವರೆಕಾಯಿ ಸುಲಿದಳು.

ಸ್ವಲ್ಪ ದಿನಕ್ಕೆ ಹೊಸ ಸಾಕಣೆಗೆ ಇರುವೆಯಷ್ಟಿರುವ ಎಳೆ ಹುಳು ಬಂತು. ಅವುಗಳ ತಟ್ಟೆಗೆ ಅಡಿಯಲ್ಲಿ ಕಾಗದ ಹಾಸಬೇಕು. ಇವಳೇ, ಹಳೇ ಪೇಪರ್ ಐತಾ, ಎಂದು ಚಲಪತಿ ಕೂಗಿದ. ಪೇಪರ್ ಇರಲಿಲ್ಲ. ಶ್ಯಾಮಲ ಒಳಗಿನಿಂದ ಕರುಣಮ್ಮ ಟೀಚರ್ ಕೊಟ್ಟ ಚೀಲ ತಂದಳು. ನೋಯುವ ಬೆರಳಲ್ಲಿ ಒಂದೊಂದೇ ಪುಸ್ತಕದ ಹೊಲಿಗೆ ಬಿಚ್ಚಿದಳು. ಮೊದಲು ಕಿತ್ತದ್ದು ಜ್ವರದ ಅಧ್ಯಾಯಗಳನ್ನು. ಅವು ಎಲ್ಲಿವೆ ಎಂದು ಹುಡುಕಬೇಕಾಗಿರಲಿಲ್ಲ, ಪುಸ್ತಕಗಳು ತಾವಾಗಿಯೇ ಅಲ್ಲಿಗೆ ತೆರೆದುಕೊಳ್ಳುತ್ತಿದ್ದವು. ಪಕ್ಕಪಕ್ಕಕ್ಕೆ ಹಾಸಿ, ಅಂಚು ಸರಿಮಾಡಿ ಕೊಟ್ಟಳು. ಚಲಪತಿ ಒಂದು ಹಾಳೆ ಮುಟ್ಟಿ ನೋಡಿದ.

"ಒಳ್ಳೇ ಗಟ್ಟಿ ಪೇಪರ್. ಇಷ್ಟ್ ದಿನ ಯಾಕ್ ಕೊಡ್ಲಿಲ್ಲ?"

ಹುಳು ಒಂದನೇ ಜ್ವರಕ್ಕೆ ಕೂತ ದಿನ ಬೆಳಿಗ್ಗೆ ಅವಳು ಮನೆ ಗುಡಿಸಿದಳು, ನೀರು ತುಂಬಿದಳು, ಮಧ್ಯಾಹ್ನಕ್ಕೂ ಆಗುವಷ್ಟು ಮುದ್ದೆ ಕಟ್ಟಿಟ್ಟಳು. ನಗರಗೆರೆಯಲ್ಲಿ ತಮ್ಮ ರಮೇಶ್‌ಬಾಬು ಇದ್ದ. ಅವನ ಮನೆಯ ಹಿಂದೆ ಹಸು ಕಟ್ಟುತ್ತಿದ್ದ ಒಂದು ಕೋಣೆ ಖಾಲಿ ಬಿದ್ದಿತ್ತು. ಅದಕ್ಕಿಂತ ಒಳ್ಳೆಯದೇನೋ ಮುಂದಿದೆ ಎಂಬ ಭ್ರಮೆ ಅವಳಿಗಿರಲಿಲ್ಲ. ಅತ್ತೆ ತೋಟಕ್ಕೆ ಹೋಗಿದ್ದರು. ಸೀರೆಗಳನ್ನು ತುಂಬಿದ್ದು ಅದೇ ಪುಸ್ತಕದ ಚೀಲಕ್ಕೆ.

ಚಲಪತಿ ಒಳಕೋಣೆಯಲ್ಲಿ ತಟ್ಟೆಗಳ ಮೇಲೆ ಬಾಗಿ ನಿಂತಿದ್ದ. ಅವಳು ಬಾಗಿಲಿಗೆ ಬಂದಳು. ಅವನ ಕೈಯ ಕೆಳಗೆ ಸುಣ್ಣ ಬಿದ್ದು ಬೆಳ್ಳಗಾದ ಹಾಳೆಗಳು. ಸಾಲುಗಳ ಮೇಲೆ ಹುಳುಗಳು ತಲೆ ಎತ್ತಿ ಅಲ್ಲಾಡದೆ ಕೂತಿದ್ದವು.

"ನಾನು ಹೊರಟೆ," ಎಂದಳು.

ಅವನು ತಿರುಗಲಿಲ್ಲ. "ಬಾಗ್ಲು ಒರಗ್ಸಿ ಹೋಗು ಇವಳೇ. ಜ್ವರಕ್ಕೆ ಕೂತವೆ."

ಅವಳು ಬಾಗಿಲು ಒರಗಿಸಿದಳು. ಹುಳು ಬೆದರದ ಹಾಗೆ, ಸದ್ದಾಗದ ಹಾಗೆ ಒರಗಿಸಿದಳು. ಚೀಲ ಎತ್ತಿಕೊಂಡು, ಹೊಸ್ತಿಲು ದಾಟಿ ಬಸ್ಸಿನ ರಸ್ತೆಗೆ ನಡೆದಳು.